ಮಾರಿದ ಕಾರು ಇನ್ನೂ ತಂದೆಯವರ ಹೆಸರಿನಲ್ಲೇ ಇದೆ, ಈಗ ಏನು ಮಾಡಬೇಕು?

ಹರಿಹರದವನು:

ನಮ್ಮ ತಂದೆಯವರು 2021ರಲ್ಲಿ ತಮ್ಮ ಮಾರುತಿ ಆಲ್ಟೊ ಕಾರನ್ನು ದಾವಣಗೆರೆಯ ಒಬ್ಬ ಬ್ರೋಕರ್ ಮುಖಾಂತರ ಮಾರಿದರು. ತಾಯಿಯವರ ಆಸ್ಪತ್ರೆಯ ಖರ್ಚಿಗೆ ತುರ್ತಾಗಿ ಹಣ ಬೇಕಾಗಿದ್ದರಿಂದ ವ್ಯವಹಾರ ಬೇಗನೆ ಮುಗಿಯಿತು. ಕೊಂಡವರು ಪೂರ್ತಿ ಹಣವನ್ನು ಬ್ಯಾಂಕ್ ಖಾತೆಗೇ ಹಾಕಿದರು. ತಂದೆಯವರು ಆರ್‌ಸಿ, ವಿಮಾ ಪತ್ರ, ಎರಡೂ ಕೀಲಿಗಳು ಮತ್ತು ಸಹಿ ಮಾಡಿದ ಟಿಒ (ಮಾಲೀಕತ್ವ ವರ್ಗಾವಣೆಯ) ಫಾರಂಗಳನ್ನು ಬ್ರೋಕರ್ ಕೈಗೆ ಒಪ್ಪಿಸಿದರು. ನಮ್ಮ ಬಳಿ ಉಳಿದಿರುವುದು ಛಾಪಾ ಕಾಗದದ ಮೇಲೆ ಬರೆದ ಡೆಲಿವರಿ ನೋಟ್ ಮತ್ತು ಕೊಂಡವರ ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿ. ಡೆಲಿವರಿ ನೋಟಿನಲ್ಲಿ ಗಾಡಿ ಒಪ್ಪಿಸಿದ ದಿನಾಂಕ, ಗಂಟೆ, ಇಬ್ಬರ ಸಹಿ ಎಲ್ಲವೂ ಇವೆ.

ಈಗ ಕೆಲವು ತಿಂಗಳುಗಳಿಂದ ತಂದೆಯವರ ಮೊಬೈಲಿಗೆ ಬೆಂಗಳೂರಿನ ಸಂಚಾರ ಉಲ್ಲಂಘನೆಯ ಸಂದೇಶಗಳು ಬರುತ್ತಿವೆ. ಮೊದಲು ಯಾರದೋ ಗಾಡಿಯ ಸಂಖ್ಯೆ ತಪ್ಪಾಗಿ ನಮೂದಾಗಿರಬಹುದೆಂದು ಭಾವಿಸಿದ್ದೆವು. ಆದರೆ ಚಲನ್ ತೆರೆದು ಫೋಟೊ ನೋಡಿದಾಗ ಸಂಶಯವೇ ಉಳಿಯಲಿಲ್ಲ: ಹೆಬ್ಬಾಳದ ಸಿಗ್ನಲ್ಲಿನಲ್ಲಿ ಬಿಳಿ ಗೆರೆ ದಾಟಿ ನಿಂತಿರುವ ಕಾರಿನ ಹಿಂದಿನ ಗಾಜಿನ ಮೇಲೆ, ತಂದೆಯವರು ಅಂಟಿಸಿದ್ದ ಉಕ್ಕಡಗಾತ್ರಿ ಅಜ್ಜಯ್ಯನವರ ಸ್ಟಿಕ್ಕರ್ ಹಾಗೆಯೇ ಇದೆ. ಬ್ರೋಕರನ್ನು ಕೇಳಿದರೆ, ಮೊದಲು ಕೊಂಡವರು ಅದನ್ನು ಬೆಂಗಳೂರಿನವರಿಗೆ ಮಾರಿದ್ದಾರೆ, ಮುಂದಿನದು ತನಗೆ ತಿಳಿಯದು ಎನ್ನುತ್ತಾರೆ. ಮೊದಲು ಕೊಂಡವರ ಫೋನ್ ಸಂಖ್ಯೆ ಚಾಲ್ತಿಯಲ್ಲಿಲ್ಲ.

ಇದರ ಜೊತೆಗೆ ಮತ್ತೊಂದು ತೊಂದರೆ ಎದುರಾಗಿದೆ. ಕಾರು ಹೋದ ಮೇಲೆ ತಂದೆ ತಾಯಿ ಬಿಪಿಎಲ್ ಪಡಿತರ ಚೀಟಿಗೆ ಅರ್ಜಿ ಹಾಕಿದ್ದರು. ಕುಟುಂಬದಲ್ಲಿ ನಾಲ್ಕು ಚಕ್ರದ ಸ್ವಂತ ವಾಹನವಿದೆ ಎಂಬ ಕಾರಣಕ್ಕೆ ಅದು ನಿಂತುಹೋಗಿದೆ. ಹಣ ಪಡೆದು, ಗಾಡಿ ಒಪ್ಪಿಸಿ, ಸಹಿಯನ್ನೂ ಮಾಡಿಕೊಟ್ಟ ಮೇಲೆ ನಮ್ಮ ಜವಾಬ್ದಾರಿ ಇನ್ನೂ ಎಷ್ಟು ಉಳಿದಿದೆ, ಇದರಿಂದ ಬಿಡಿಸಿಕೊಳ್ಳಲು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ನಿವೃತ್ತ ಸಾರಿಗೆ ನೌಕರ:

ನಿಮ್ಮ ತಂದೆಯವರ ಸ್ಥಿತಿಯಲ್ಲಿರುವ ನೂರಾರು ಜನರನ್ನು ಕಚೇರಿಯ ಕೌಂಟರಿನ ಆಚೆ ಬದಿಯಲ್ಲಿ ನೋಡಿದ್ದೇನೆ. ಮಾರಾಟ ಪೂರ್ಣವಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸಾರಿಗೆ ಕಚೇರಿಯ ಬಿ ರಿಜಿಸ್ಟರಿನಲ್ಲಿ, ಅಂದರೆ ವಾಹನ ನೋಂದಣಿಯ ಮೂಲ ದಾಖಲೆಯಲ್ಲಿ, ಹೆಸರು ಬದಲಾಗುವ ತನಕ ಸರ್ಕಾರದ ಎಲ್ಲ ಇಲಾಖೆಗಳಿಗೂ ಮಾಲೀಕರು ನಿಮ್ಮ ತಂದೆಯವರೇ. ಪೊಲೀಸರ ಚಲನ್ ಆಗಲಿ, ಆಹಾರ ಇಲಾಖೆಯ ತಪಾಸಣೆಯಾಗಲಿ, ನೋಡುವುದು ಅದೇ ದಾಖಲೆಯನ್ನು.

1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಒಂದೇ ರಾಜ್ಯದೊಳಗಿನ ಮಾರಾಟದಲ್ಲಿ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಫಾರಂ 29 ಎಂಬುದು ಮಾರಿದವರು ಕಚೇರಿಗೆ ಕೊಡುವ ತಿಳಿವಳಿಕೆ, ಫಾರಂ 30 ಕೊಂಡವರು ಹಾಕಿಕೊಳ್ಳುವ ಅರ್ಜಿ. ರೂಢಿಯಲ್ಲಿ ಎರಡನ್ನೂ ‘ಟಿಒ ಫಾರಂ’ ಎಂದು ಒಟ್ಟಿಗೆ ಕರೆದು, ಒಟ್ಟಿಗೆ ಸಹಿ ಮಾಡಿಸಿ, ಒಂದೇ ಕವರಿನಲ್ಲಿ ಬ್ರೋಕರಿಗೆ ಕೊಡಲಾಗುತ್ತದೆ. ಹೀಗಾಗಿ, ಮಾರಿದವರನ್ನು ಕಾಪಾಡಲೆಂದೇ ಇರುವ ಫಾರಂ 29 ಕಚೇರಿಗೆ ತಲುಪದೆ, ಗಾಡಿಯ ಡ್ಯಾಶ್‌ಬೋರ್ಡಿನಲ್ಲೇ ಕೈಯಿಂದ ಕೈಗೆ ಸಾಗುತ್ತದೆ.

ಬ್ರೋಕರುಗಳು ಇದನ್ನು ಮುಂದೂಡುವುದಕ್ಕೆ ಕಾರಣವೂ ಇದೆ. ಹೆಸರು ಬದಲಾದಂತೆಲ್ಲ ಆರ್‌ಸಿಯಲ್ಲಿ ಮಾಲೀಕರ ಕ್ರಮಸಂಖ್ಯೆ ಏರುತ್ತದೆ, ಏರಿದಷ್ಟೂ ಬೆಲೆ ಇಳಿಯುತ್ತದೆ. ಸಹಿ ಮಾಡಿದ ಖಾಲಿ ಫಾರಂ ಕೈಯಲ್ಲಿದ್ದರೆ ಗಾಡಿಯನ್ನು ಮೂರು ಜನರಿಗೆ ದಾಟಿಸಿದರೂ ‘ಸಿಂಗಲ್ ಓನರ್ ಗಾಡಿ’ ಎಂದೇ ಮಾರಬಹುದು, ನಡುವಿನ ಶುಲ್ಕವೂ ಉಳಿಯುತ್ತದೆ. ಆ ಲಾಭಕ್ಕೆ ಪ್ರತಿಯಾಗಿ ಅಪಾಯವನ್ನೆಲ್ಲ ಹೊರುವವರು ದಾಖಲೆಯಲ್ಲಿ ಹೆಸರುಳ್ಳವರು.

ಈಗ ಮಾಡಬೇಕಾದ ಕೆಲಸ ಹೀಗಿದೆ. ತಂದೆಯವರು ದಾವಣಗೆರೆಯ ಪ್ರಾದೇಶಿಕ ಸಾರಿಗೆ ಅಧಿಕಾರಿಯವರಿಗೆ ಒಂದು ಅರ್ಜಿ ಬರೆದು, ಗಾಡಿಯನ್ನು ಇಂಥ ದಿನ ಇಂಥವರಿಗೆ ಒಪ್ಪಿಸಿದ್ದೇನೆ ಎಂದು ತಿಳಿಸಿ, ಹೊಸದಾಗಿ ಭರ್ತಿ ಮಾಡಿದ ಫಾರಂ 29, ಡೆಲಿವರಿ ನೋಟ್, ಕೊಂಡವರ ಆಧಾರ್ ಪ್ರತಿ ಹಾಗೂ ಹಣ ಬಂದ ಬ್ಯಾಂಕ್ ವಿವರವನ್ನು ಲಗತ್ತಿಸಬೇಕು. ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮೊಹರಿಲ್ಲದ ಪ್ರತಿಗೆ ಮುಂದೆ ಯಾವ ಬೆಲೆಯೂ ಇರುವುದಿಲ್ಲ. ಈ ವಾಹನದ ಮೇಲೆ ತಮಗೆ ತಿಳಿಸದೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ನಕಲು ಆರ್‌ಸಿ, ನೋಂದಣಿ ನವೀಕರಣ ಮುಂತಾದ ಯಾವ ಸೇವೆಯನ್ನೂ ಕೊಡಬಾರದೆಂದು ಅದೇ ಅರ್ಜಿಯಲ್ಲಿ ಕೋರಿ. ಇಷ್ಟರಿಂದಲೇ ಹೆಸರು ಬದಲಾಗುವುದಿಲ್ಲ, ಅದಕ್ಕೆ ಕೊಂಡವರ ಅರ್ಜಿ ಬೇಕೇ ಬೇಕು. ಆದರೆ ತಂತ್ರಾಂಶದಲ್ಲಿ ತಡೆ ಬಿದ್ದರೆ, ಈಗ ಗಾಡಿ ಇಟ್ಟುಕೊಂಡಿರುವವರು ಒಂದಲ್ಲ ಒಂದು ಕೆಲಸಕ್ಕೆ ಕಚೇರಿಗೆ ಬಂದಾಗ ನಿಮ್ಮನ್ನು ಹುಡುಕಿಕೊಂಡು ಬರಲೇಬೇಕಾಗುತ್ತದೆ.

ಪಡಿತರ ಚೀಟಿಯ ವಿಷಯದಲ್ಲಿ, ಮೊಹರು ಬಿದ್ದ ಪ್ರತಿಯೊಂದಿಗೆ ತಹಶೀಲ್ದಾರ್ ಕಚೇರಿಯ ಆಹಾರ ಶಿರಸ್ತೇದಾರರನ್ನು ಕಂಡು ಲಿಖಿತ ಮನವಿ ಕೊಡಿ. ಅವರು ಒಪ್ಪುತ್ತಾರೆಂದು ಭರವಸೆ ಕೊಡಲಾರೆ. ಏನನ್ನೂ ಕೊಡದೆ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಹುಬ್ಬಳ್ಳಿಯ ವಕೀಲೆ:

ಮೇಲಿನವರು ಕಚೇರಿಯ ದಾರಿಯನ್ನು ಸರಿಯಾಗಿ ಹೇಳಿದ್ದಾರೆ. ಆದರೆ ನನ್ನ ದೃಷ್ಟಿಯಲ್ಲಿ ದಂಡದ ಚಲನ್ ಇಲ್ಲಿ ತೀರ ಸಣ್ಣ ವಿಷಯ. ಅಪಘಾತ ಪರಿಹಾರದ ಪ್ರಕರಣಗಳನ್ನು ನಡೆಸುವವಳಾಗಿ ನಾನು ಮೊದಲು ಕೇಳುವುದು ಆ ಕಾರಿಗೆ ಇಂದು ವಿಮೆ ಇದೆಯೇ ಎಂಬುದನ್ನು. ಎಂಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ವಿಮೆಯ ಅವಧಿ ಕಾಣುತ್ತದೆ, ಇವತ್ತೇ ನೋಡಿ.

ಕಾಯ್ದೆಯ 2ನೇ ಕಲಂನ 30ನೇ ಉಪಕಲಂ ಪ್ರಕಾರ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಸಾಲ ಅಥವಾ ಗುತ್ತಿಗೆ ಕರಾರಿನ ಮೇಲಿರುವ ವಾಹನಕ್ಕೆ ಬೇರೆ ನಿಯಮವಿದೆ. ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಇದನ್ನು ಖಚಿತಪಡಿಸಿತು. ಅಲ್ಲಿ ಕಾರು 2007ರಿಂದ ಮೊದಲ್ಗೊಂಡು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತಾ ಹೋಗಿತ್ತು, ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಇತ್ತು, 2009ರಲ್ಲಿ ಅಪಘಾತವಾಯಿತು. ಗಾಯಗೊಂಡವರು ಅಥವಾ ಸತ್ತವರ ಮನೆಯವರು, ದಾಖಲಾಗದ ಮಾರಾಟಗಳ ಸರಪಳಿಯನ್ನು ಹಿಡಿದು ಕೊನೆಯ ಕೊಳ್ಳುಗನನ್ನು ಪತ್ತೆಹಚ್ಚಲಿ ಎಂದು ಹೇಳುವುದು ಕಾಯ್ದೆಯ ಉದ್ದೇಶಕ್ಕೇ ವಿರುದ್ಧ ಎಂಬುದು ನ್ಯಾಯಾಲಯದ ನಿಲುವು. ಪರಿಹಾರದ ಹೊಣೆ ನೋಂದಾಯಿತ ಮಾಲೀಕರ ಮೇಲೆಯೇ ಬಿತ್ತು. ಈ ನಿಲುವು ನನಗೆ ನ್ಯಾಯವಾಗಿಯೇ ಕಾಣುತ್ತದೆ, ಏಕೆಂದರೆ ರಸ್ತೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ನಿಮ್ಮ ಛಾಪಾ ಕಾಗದದ ಒಳಗಿನ ಒಪ್ಪಂದ ಹೇಗೆ ತಾನೇ ತಿಳಿಯಬೇಕು?

ವಿಮೆ ಚಾಲ್ತಿಯಲ್ಲಿದ್ದರೆ ಸಾಮಾನ್ಯವಾಗಿ ಕಂಪನಿ ಆ ಹೊಣೆ ಹೊರುತ್ತದೆ. 2011ರ ಪುಷ್ಪಾ ಪ್ರಕರಣದಲ್ಲಿ ಲಾರಿ ಮಾರಾಟವಾಗಿದ್ದರೂ ನೋಂದಣಿ ಹಳೆಯ ಮಾಲೀಕರ ಹೆಸರಿನಲ್ಲಿತ್ತು. ಕೊಂಡವನು ಆ ಹೆಸರಿನಲ್ಲೇ ವಿಮೆ ಮಾಡಿಸಿದ್ದ. ಆಗ ವಿಮಾ ಕಂಪನಿ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ವಿಮೆ ಇಲ್ಲದಿದ್ದರೆ ಮಾತ್ರ ಪೂರ್ತಿ ಮೊತ್ತ ತಂದೆಯವರ ಸ್ವತ್ತಿನ ಮೇಲೆ ಬರುತ್ತದೆ, 174ನೇ ಕಲಂ ಪ್ರಕಾರ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಹೊಲ ಮನೆ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಪ್ರಾಪ್ತ ವಯಸ್ಸಿನ ಹುಡುಗ ಆ ಕಾರು ಓಡಿಸಿ ಅಪರಾಧ ಮಾಡಿದರೆ, 2019ರ ತಿದ್ದುಪಡಿಯಿಂದ ಬಂದ 199ಎ ಕಲಂ ಅಡಿ ಪೋಷಕರ ಅಥವಾ ಮಾಲೀಕರ ಮೇಲೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡದ ಮೊಕದ್ದಮೆ ನಡೆಯಬಹುದು. ತಮ್ಮ ಅರಿವಿಗೆ ಬಾರದೆ ನಡೆಯಿತೆಂದು ಸಾಬೀತುಪಡಿಸಲು ಅಲ್ಲಿ ಅವಕಾಶವಿದೆ, ಅಂಥ ಹೊತ್ತಿನಲ್ಲಿ ನಿಮ್ಮ ಡೆಲಿವರಿ ನೋಟ್ ಮತ್ತು ಮೊಹರಿನ ಪ್ರತಿ ಕೈಹಿಡಿಯುತ್ತವೆ.

ಆದ್ದರಿಂದ ಮೊದಲು ಕೊಂಡವರ ಆಧಾರ್ ವಿಳಾಸಕ್ಕೆ ಮತ್ತು ಬ್ರೋಕರಿಗೆ ವಕೀಲರ ಮೂಲಕ ನೋಟಿಸು ಕಳುಹಿಸಿ, ಇಷ್ಟು ದಿನದೊಳಗೆ ಹೆಸರು ವರ್ಗಾಯಿಸಿಕೊಳ್ಳದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಆಜ್ಞಾಪಕ ನಿರ್ಬಂಧಕಾಜ್ಞೆಗಾಗಿ, ಅಂದರೆ ವರ್ಗಾಯಿಸಿಕೊಳ್ಳಲೇಬೇಕೆಂಬ ಆದೇಶಕ್ಕಾಗಿ, ದಾವೆ ಹೂಡುವುದಾಗಿ ತಿಳಿಸಿ. ಬ್ರೋಕರುಗಳಿಗೆ ಫೋನ್ ಕರೆಗಿಂತ ರಿಜಿಸ್ಟರ್ಡ್ ಟಪಾಲಿನ ಮೇಲೆ ಹೆಚ್ಚು ಗೌರವ.

ಸಾಗರದ ಓದುಗ:

ನಾನು ಕೊಂಡವರ ಕಡೆಯ ತೊಂದರೆಯನ್ನು ಹೇಳಬಯಸುತ್ತೇನೆ, ಏಕೆಂದರೆ ಹೆಸರು ಬದಲಾಗದಿದ್ದರೆ ನಷ್ಟ ಮಾರಿದವರಿಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ನನ್ನ ಭಾವನವರು ಒಂದು ಹಳೆಯ ಕಾರು ಕೊಂಡು, ವರ್ಗಾವಣೆಯ ಅರ್ಜಿ ಹಾಕುವಷ್ಟರಲ್ಲಿ ಮಾರಿದ ಹಿರಿಯರು ತೀರಿಕೊಂಡರು. ಅವರ ಸಹಿ ಇದ್ದ ಫಾರಂಗಳನ್ನು ಕಚೇರಿಯವರು ಒಪ್ಪಲಿಲ್ಲ. ಮೊದಲು ವಾರಸುದಾರರು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ಭಾವನವರಿಗೆ ವರ್ಗಾಯಿಸಬೇಕಾಯಿತು, ಅದಕ್ಕೆ ಊರೂರಲ್ಲಿದ್ದ ಮಕ್ಕಳೆಲ್ಲರ ಒಪ್ಪಿಗೆ ಬೇಕಾಯಿತು. ಈ ನಡುವೆ ಮಳೆಗಾಲದಲ್ಲಿ ಕಾರಿನ ಮೇಲೆ ಮರ ಬಿದ್ದು ಮುಂಭಾಗ ಜಜ್ಜಿಹೋಯಿತು. ಪಾಲಿಸಿ ತೀರಿಕೊಂಡವರ ಹೆಸರಿನಲ್ಲಿದ್ದ ಕಾರಣ ವಿಮಾ ಕಂಪನಿ ರಿಪೇರಿ ಹಣ ಕೊಡಲಿಲ್ಲ.

ಹುಬ್ಬಳ್ಳಿಯ ವಕೀಲೆ:

ಸಾಗರದವರು ಹೇಳಿದ್ದು ಮುಖ್ಯ. ವಾಹನ ಕೈಬದಲಾದಾಗ ಮೂರನೆಯವರಿಗೆ (ಥರ್ಡ್ ಪಾರ್ಟಿ, ಅಂದರೆ ಆ ವಾಹನದಿಂದ ಅಪಘಾತಕ್ಕೊಳಗಾದವರಿಗೆ) ಸಂಬಂಧಿಸಿದ ರಕ್ಷಣೆ 157ನೇ ಕಲಂ ಮೂಲಕ ಕೊಂಡವರಿಗೆ ತಾನಾಗಿಯೇ ಸಾಗುತ್ತದೆ, ವಾಹನದ ಸ್ವಂತ ಹಾನಿಯ ರಕ್ಷಣೆ ಹಾಗೆ ಸಾಗುವುದಿಲ್ಲ. ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೂ ಅರ್ಜಿ ಕೊಡಬೇಕೆಂದು ಅದೇ ಕಲಂ ಹೇಳುತ್ತದೆ.

ಹರಿಹರದವನು:

ಎಲ್ಲರಿಗೂ ಕೃತಜ್ಞತೆಗಳು. ಆ್ಯಪಿನಲ್ಲಿ ನೋಡಿದೆ: ವಿಮೆಯ ಅವಧಿ ಮುಗಿದು ಬಹಳ ಕಾಲವಾಗಿದೆ. ತಂದೆಯವರಿಗೆ ಇದನ್ನು ಹೇಳಿದಾಗಿನಿಂದ ಅವರಿಗೆ ನಿದ್ದೆ ಇಲ್ಲ. ಇನ್ನೆರಡು ಪ್ರಶ್ನೆಗಳಿವೆ. ಕಾರು ಕಳುವಾಗಿದೆ ಎಂದು ಠಾಣೆಯಲ್ಲಿ ದೂರು ಕೊಟ್ಟರೆ ಪೊಲೀಸರೇ ಹಿಡಿದು ತರುತ್ತಾರೆ ಎಂದು ಸಂಬಂಧಿಕರೊಬ್ಬರು ಸಲಹೆ ಕೊಡುತ್ತಿದ್ದಾರೆ, ಇದು ಸರಿಯೇ? ಮತ್ತು ಬೇರೆಯವರ ಬಳಿ ಇರುವ ಗಾಡಿಗೆ ನಾವೇ ವಿಮೆ ಕಟ್ಟಬಹುದೇ?

ಹುಬ್ಬಳ್ಳಿಯ ವಕೀಲೆ:

ಕಳವಿನ ದೂರನ್ನು ಖಂಡಿತ ಕೊಡಬೇಡಿ. ಹಣ ಪಡೆದು ಒಪ್ಪಿಸಿದ ಗಾಡಿ ಕಳುವಾಯಿತೆಂದು ಬರೆದುಕೊಟ್ಟರೆ ಅದು ಸುಳ್ಳು ದೂರು, ಅದರ ಶಿಕ್ಷೆ ತಂದೆಯವರಿಗೇ ಬರುತ್ತದೆ. ಬೆಂಗಳೂರಿನಲ್ಲಿ ಕಾರು ಕಂಡರೂ ನೀವೇ ಎಳೆದು ತರಲು ಹೋಗಬೇಡಿ, ನಿಮ್ಮ ಮತ್ತು ಕೊಂಡವರ ನಡುವೆ ಅದು ಈಗ ಅವರ ಸ್ವತ್ತು. ಠಾಣೆಗೆ ನಿಜವನ್ನೇ ಬರೆದುಕೊಡಿ: ಮಾರಿದ ವಾಹನವನ್ನು ವರ್ಗಾಯಿಸಿಕೊಳ್ಳದೆ, ವಿಮೆಯೂ ಇಲ್ಲದೆ ಓಡಿಸುತ್ತಿದ್ದಾರೆ, ಇಂಥ ಸ್ಥಳದಲ್ಲಿ ಇಂಥ ದಿನ ಸಂಚರಿಸಿರುವುದಕ್ಕೆ ಚಲನ್ ಫೋಟೊಗಳಿವೆ ಎಂದು. ವಿಮೆಯಿಲ್ಲದೆ ಓಡಿಸುವುದು 196ನೇ ಕಲಂ ಅಡಿ ಅಪರಾಧವಾದ್ದರಿಂದ ಸಂಚಾರ ಪೊಲೀಸರಿಗೆ ಗಾಡಿ ತಡೆಯಲು ಕಾರಣ ಸಿಗುತ್ತದೆ. ಆ ಫೋಟೊಗಳ ಜಾಗ ಮತ್ತು ಸಮಯವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಬೆಳಗ್ಗೆ ಒಂದೇ ಹೊತ್ತಿಗೆ ಒಂದೇ ಸಿಗ್ನಲ್ಲಿನಲ್ಲಿ ಸಿಕ್ಕಿದ್ದರೆ ಗಾಡಿ ಇಟ್ಟುಕೊಂಡವರು ಅಲ್ಲಿಯೇ ಆಸುಪಾಸಿನಲ್ಲಿ ಕೆಲಸಕ್ಕೆ ಹೋಗುವವರು ಎಂದು ಊಹಿಸಬಹುದು.

ವಿಮೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನೋಂದಾಯಿತ ಮಾಲೀಕರಾಗಿ ಪರಿಹಾರದ ಹೊಣೆ ತಂದೆಯವರ ಮೇಲಿರುವಾಗ, ಆ ಹೊಣೆಗೆ ಥರ್ಡ್ ಪಾರ್ಟಿ ಪಾಲಿಸಿ ತೆಗೆದುಕೊಳ್ಳುವುದು ಹೆಚ್ಚು ಖರ್ಚಿಲ್ಲದ ರಕ್ಷಣೆ. ಗಾಡಿ ಈಗ ಯಾರ ವಶದಲ್ಲಿದೆ ಎಂಬ ನಿಜಸ್ಥಿತಿಯನ್ನು ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿಯೇ ತೆಗೆದುಕೊಳ್ಳಿ, ಮುಚ್ಚಿಟ್ಟರೆ ಮುಂದೆ ತಕರಾರು ತೆಗೆಯುತ್ತಾರೆ. ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ಎಂದಾದರೂ ಸಮನ್ಸ್ ಬಂದರೆ ತಪ್ಪದೆ ಹಾಜರಾಗಿ, ಕೊಂಡವರನ್ನೂ ಪ್ರತಿವಾದಿಯಾಗಿ ಸೇರಿಸಲು ಅರ್ಜಿ ಹಾಕಿ. ಗೈರುಹಾಜರಾದವರ ವಿರುದ್ಧ ಏಕಪಕ್ಷೀಯವಾಗಿ ಆದೇಶವಾಗುತ್ತದೆ.

ನಿವೃತ್ತ ಸಾರಿಗೆ ನೌಕರ:

ಒಂದು ಮಾತು ಸೇರಿಸುತ್ತೇನೆ. ತಂದೆಯವರ ಮೊಬೈಲ್ ಸಂಖ್ಯೆಯನ್ನು ಯಾವ ಕಾರಣಕ್ಕೂ ಬದಲಿಸಬೇಡಿ. ಈಗ ವಾಹನ್ ತಂತ್ರಾಂಶದಲ್ಲಿ ವರ್ಗಾವಣೆಯ ಅರ್ಜಿ ಹಾಕುವಾಗ ಮಾರಿದವರ ಮೊಬೈಲಿಗೆ ಒಟಿಪಿ ಬರುತ್ತದೆ, ಗಾಡಿ ಇಟ್ಟುಕೊಂಡವರು ಕೊನೆಗೆ ಕರೆ ಮಾಡುವುದು ಅದಕ್ಕಾಗಿಯೇ. ಕರೆ ಬಂದಾಗ ಸಿಟ್ಟಿನಲ್ಲಿ ಇಟ್ಟುಬಿಡದೆ ಅವರ ಹೆಸರು, ವಿಳಾಸ ಕೇಳಿ, ವಿಮೆ ಮತ್ತು ಎಮಿಷನ್ ಪತ್ರ ಮಾಡಿಸಲು ಹೇಳಿ, ಬಾಕಿ ದಂಡವನ್ನು ಅವರಿಂದಲೇ ಕಟ್ಟಿಸಿ, ತಂದೆಯವರೇ ಕಚೇರಿಗೆ ಹೋಗಿ ಸಹಿ ಮಾಡಿಕೊಡಲಿ. ಹಳೆಯ ಫಾಸ್ಟ್ಯಾಗ್ ಇನ್ನೂ ತಂದೆಯವರ ಖಾತೆಗೆ ಜೋಡಣೆಯಾಗಿದ್ದರೆ ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಆದರೆ ಅದಕ್ಕೂ ಮೊದಲು ಟೋಲ್ ಕಡಿತದ ವಿವರವನ್ನು ಮುದ್ರಿಸಿಟ್ಟುಕೊಳ್ಳಿ. ಕಾರು ಯಾವ ಹೆದ್ದಾರಿಯಲ್ಲಿ ಓಡಾಡಿದೆ ಎಂಬುದಕ್ಕೆ ಅದೂ ಸಾಕ್ಷಿ.

ಇದನ್ನು ಓದುತ್ತಿರುವವರಲ್ಲಿ ಗಾಡಿ ಮಾರಲಿರುವವರಿದ್ದರೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮವನ್ನು ಗಮನಿಸಿ. ಸಾರಿಗೆ ಪ್ರಾಧಿಕಾರದ ಅಧಿಕೃತ ಪ್ರಮಾಣಪತ್ರ ಪಡೆದ ಹಳೆ ವಾಹನಗಳ ಡೀಲರಿಗೆ ಗಾಡಿ ಒಪ್ಪಿಸಿ, ಫಾರಂ 29ಸಿ ಮೂಲಕ ಅದನ್ನು ಪೋರ್ಟಲಿನಲ್ಲಿ ದಾಖಲಿಸಿದರೆ, ಮುಂದೆ ಅದು ಮಾರಾಟವಾಗುವ ತನಕ ಆ ಡೀಲರನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಡೀಲರ್ ಬಳಿ ಆ ಪ್ರಮಾಣಪತ್ರ ಇದೆಯೇ ಎಂದು ಕೇಳಿ ನೋಡಿಯೇ ಕೀಲಿ ಕೊಡಿ.