ಮುಟ್ಟಿದೊಡನೆ ಸತ್ತಂತೆ ಬೀಳುವ ಮೂತಿಹುಳು: ಅದರ ನರಗಳಲ್ಲಿ ಏನು ನಡೆಯುತ್ತದೆ?

ಪ್ರಶ್ನೆ (ಸಕಲೇಶಪುರದ ಬೆಳೆಗಾರರು): ಕಾಫಿ ತೋಟದ ಬಾಳೆಗೆ ಮೂತಿಹುಳು (ಉದ್ದ ಮೂತಿಯ ದುಂಬಿ) ಬಿದ್ದಿದೆ. ಗೊನೆ ಕಡಿದ ಕಾಂಡವನ್ನು ಉದ್ದಕ್ಕೆ ಸೀಳಿ, ಸೀಳಿದ ಮಗ್ಗುಲು ನೆಲಕ್ಕೆ ತಾಗುವಂತೆ ಬುಡದ ಬಳಿ ಕವುಚಿ ಇಡುತ್ತಿದ್ದೇವೆ. ಬೆಳಿಗ್ಗೆ ಮಗುಚಿದರೆ ಹುಳುಗಳು ಕಾಲು ಮಡಚಿಕೊಂಡು ಉರುಳುತ್ತವೆ; ಸತ್ತಿವೆಯೆಂದು ಬಿಟ್ಟರೆ ಸ್ವಲ್ಪ ಹೊತ್ತಿಗೆ ನಡೆದುಹೋಗುತ್ತವೆ. ಇದು ಹೆದರಿಕೆಯ ಮೂರ್ಛೆಯೇ?

ಉತ್ತರ (ಕೀಟಶಾಸ್ತ್ರಜ್ಞರು): ಮೂರ್ಛೆಯಲ್ಲ. ನಿಜವಾಗಿ ಸತ್ತ ಹುಳುವನ್ನೂ ಸತ್ತಂತೆ ಬಿದ್ದ ಹುಳುವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸತ್ತದ್ದರ ಕಾಲುಗಳು ಹೇಗೆಂದರೆ ಹಾಗೆ ಸಡಿಲವಾಗಿರುತ್ತವೆ; ನಟಿಸುವುದರ ಕಾಲುಗಳು ಹೊಟ್ಟೆಗೆ ಬಿಗಿಯಾಗಿ ಒತ್ತಿಕೊಂಡಿರುತ್ತವೆ. ಹಾಗೆ ಬಿಗಿದು ಹಿಡಿಯಲು ಸ್ನಾಯುಗಳಿಗೆ ನರಗಳಿಂದ ಸಂದೇಶ ಹೋಗುತ್ತಲೇ ಇರಬೇಕು. ನಟಿಸುವ ಕೀಟದ ಭಂಗಿ ಸತ್ತ ಕೀಟದ ಭಂಗಿಯಂತಿರುವುದಿಲ್ಲ ಎಂಬುದನ್ನು ಡಾರ್ವಿನ್ನರೂ ಗಮನಿಸಿದ್ದರು.

ನರಗಳ ವಿಚಾರದಲ್ಲಿ ಹೆಚ್ಚು ವಿವರ ಸಿಕ್ಕಿರುವುದು ಬೇರೆ ಕೀಟಗಳಿಂದ. ಚಿಮ್ಮಂಡೆಯ ತೊಡೆಯೊಳಗೆ ಮೊಣಕಾಲಿನ ಬಾಗುವಿಕೆಯನ್ನು ಅಳೆಯುವ ಸಂವೇದನಾ ನರಕೋಶಗಳ ಗುಂಪೊಂದಿದ್ದು, ಕಾಲು ಮಡಚಿದೆಯೆಂಬ ಸುದ್ದಿಯನ್ನು ಅದು ಎದೆಭಾಗದ ನರಗಂಟಿಗೆ ತಲುಪಿಸುತ್ತದೆ. ಈ ಸುದ್ದಿಯಿಲ್ಲದೆ ನಿಶ್ಚಲ ಸ್ಥಿತಿ ಸರಿಯಾಗಿ ನೆಲೆಗೊಳ್ಳುವುದಿಲ್ಲ. ಆ ಹೊತ್ತಿನಲ್ಲಿ ಉಸಿರಾಟವೂ ಇಳಿಯುತ್ತದೆ. ಹುಳು "ಬೇಕೆಂದೇ" ಮಾಡುತ್ತದೆ ಎನ್ನುವುದಕ್ಕಿಂತ, ಸ್ಪರ್ಶದಿಂದ ಈ ನರಜಾಲ ಆ ಸ್ಥಿತಿಗೆ ಜಾರುತ್ತದೆ ಎನ್ನುವುದೇ ನನಗೆ ಸರಿಯೆನಿಸುತ್ತದೆ.

ಎಷ್ಟು ಹೊತ್ತು ಬಿದ್ದಿರಬೇಕೆಂಬುದರಲ್ಲಿ ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕಕ್ಕೆ ದೊಡ್ಡ ಪಾತ್ರವಿದೆ. ಜಪಾನಿನ ಒಕಯಾಮ ವಿಶ್ವವಿದ್ಯಾಲಯದ ತಕಾಹಿಸಾ ಮಿಯಾತಾಕೆ ಮತ್ತು ಸಂಗಡಿಗರು ಹಿಟ್ಟಿನಲ್ಲಿ ಬೆಳೆಯುವ ಕೆಂಪು ದುಂಬಿಗಳನ್ನು ಹಲವು ತಲೆಮಾರು ಆಯ್ದು, ಬಹಳ ಹೊತ್ತು ಬಿದ್ದಿರುವ ತಳಿಯನ್ನೂ ಬೇಗ ಏಳುವ ತಳಿಯನ್ನೂ ಬೇರ್ಪಡಿಸಿದರು. 2004ರ ಅವರ ವರದಿಯ ಪ್ರಕಾರ, ಜಿಗಿಯುವ ಜೇಡದೆದುರು ಹೆಚ್ಚಾಗಿ ಬದುಕುಳಿದದ್ದು ಬಹಳ ಹೊತ್ತು ಬಿದ್ದಿರುವ ತಳಿ. ಅದರ ಮಿದುಳಿನಲ್ಲಿ ಡೋಪಮೈನ್ ಕಡಿಮೆಯಿರುವುದು ಮುಂದೆ ತಿಳಿಯಿತು. ಅಂಥ ದುಂಬಿಗಳ ಓಡಾಟವೂ ಕಡಿಮೆ. ಅಂದರೆ ಓಡಿ ತಪ್ಪಿಸಿಕೊಳ್ಳುವುದು, ಬಿದ್ದು ತಪ್ಪಿಸಿಕೊಳ್ಳುವುದು ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಈ ಸಂಶೋಧನೆಯಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಇದೇ.

ಮರುಪ್ರಶ್ನೆ (ಮೂಡಿಗೆರೆಯ ಸದಸ್ಯರು): ಕೆಫೀನ್‌ನಿಂದ ದುಂಬಿಗಳು ಬೇಗ ಏಳುತ್ತವೆ ಎಂದು ಕೇಳಿದ್ದೇನೆ. ಹಾಗಾದರೆ ಕಾಫಿ ತೋಟದ ಹುಳುಗಳು ಕಡಿಮೆ ನಟಿಸಬೇಕಲ್ಲವೇ?

ಉತ್ತರ: ಕೇಳಿದ್ದು ನಿಜ. ಡೋಪಮೈನ್ ವ್ಯವಸ್ಥೆಯನ್ನು ಕೆಫೀನ್ ಚುರುಕುಗೊಳಿಸುವುದರಿಂದ, ಬಹಳ ಹೊತ್ತು ಬಿದ್ದಿರುವ ತಳಿಗೆ ಅದನ್ನು ಕೊಟ್ಟಾಗ ಅವಧಿ ಮೊಟಕಾಯಿತು. ಆದರೆ ಅದು ಹುಳುವಿನ ದೇಹದೊಳಗೆ ಹೋಗಬೇಕು. ಬಾಳೆಯ ಮೂತಿಹುಳು ತಿನ್ನುವುದು ಬಾಳೆಯನ್ನು, ಪಕ್ಕದ ಕಾಫಿಗಿಡವನ್ನಲ್ಲ.

ಸಕಲೇಶಪುರದವರಿಗೆ: ಕಾಂಡ ಮಗುಚಿದ ಕೂಡಲೇ, ಅಲುಗಾಡದ ಹುಳುಗಳನ್ನೂ ಬಿಡದೆ, ಸೋಪಿನ ನೀರಿನ ಡಬ್ಬಿಗೆ ಹಾಕಿಸಿ. ಉರುಳಿದವು ತರಗೆಲೆಯಡಿ ಸೇರಿದರೆ ಕಣ್ಣಿಗೆ ಬೀಳುವುದಿಲ್ಲ. ಕಾಂಡದ ಕೆಳಗೆ ಗೋಣಿಚೀಲ ಹಾಸಿಕೊಂಡು ಮಗುಚುವುದು ಒಳ್ಳೆಯದು.