ಪ್ರಶ್ನೋತ್ತರ: ಮಕ್ಕಳ ಮೆದುಳು, ಮಾರ್ಕ್ಸು, ಬಜೆ ಬೇರು

ಅಡ್ಮಿನ್: ನಮ್ಮ ಗುಂಪಲ್ಲೇ ಇರೋ ಮಕ್ಕಳ ನರರೋಗದ ಡಾಕ್ಟ್ರು ಇವತ್ತು ರಾತ್ರಿ 8ರಿಂದ 9ರವರೆಗೆ ಉತ್ತರ ಕೊಡ್ತಾರೆ. ಫಾರ್ವರ್ಡ್ ಬೇಡ, ದಯವಿಟ್ಟು.

ಚಿರಾಗ್ ಅಪ್ಪ: ಮೇಡಂ, ಮಗ ಲೆಕ್ಕದಲ್ಲಿ ವೀಕು. ಈಈಜಿ ಮಾಡಿಸಿದ್ರೆ ಐಕ್ಯೂ ಗೊತ್ತಾಗುತ್ತಾ?

ಡಾಕ್ಟರ್: ಇಲ್ಲ. ಅದು ಮೆದುಳಿನ ವಿದ್ಯುತ್ ಅಲೆ ತೋರಿಸುತ್ತೆ, ಬುದ್ಧಿ ಅಳೆಯಲ್ಲ. ಐಕ್ಯೂಗೆ ಮಗುನ ಎದುರಿಗೆ ಕೂರಿಸಿಕೊಂಡು ಮಾಡೋ ಪರೀಕ್ಷೆನೇ ಬೇಕು. ಕನ್ನಡ, ಮರಾಠಿ ಮಕ್ಕಳಿಗೆ ಅಂತ 1930ರ ದಶಕದಲ್ಲೇ ಹೊಂದಿಸಿದ ಬಿನೆ-ಕಾಮತ್ ಪರೀಕ್ಷೆ ಇದೆ. ಮೊದಲು ಕಣ್ಣು, ಕಿವಿ ತೋರಿಸಿ.

ಶ್ರೇಯಾ ಅಮ್ಮ: ಬುದ್ಧಿವಂತ ಮಕ್ಕಳ ಮೆದುಳು ಜಾಸ್ತಿ ಕೆಲಸ ಮಾಡುತ್ತೆ ಅಲ್ವಾ?

ಡಾಕ್ಟರ್: ಹಾಗೇನಿಲ್ಲ. 1988ರಲ್ಲಿ ರಿಚರ್ಡ್ ಹೇಯರ್ ತಂಡ ಸ್ಕ್ಯಾನ್ ಮಾಡಿ ನೋಡಿದಾಗ, ಒಗಟು ಚೆನ್ನಾಗಿ ಬಿಡಿಸಿದವರ ಮೆದುಳೇ ಕಮ್ಮಿ ಗ್ಲೂಕೋಸ್ ಸುಟ್ಟಿತ್ತು. ಅವರು ದೊಡ್ಡವರು, ಅದೂ ಎಂಟೇ ಜನ. ಮಕ್ಕಳಿಗೆ ಹಾಗೇ ಹಚ್ಚಬೇಡಿ. ರೂಢಿಯಾದ ಕೈಗೆ ಒಬ್ಬಟ್ಟು ತಟ್ಟೋದು ಆಯಾಸ ಅಲ್ಲವಲ್ಲ, ಆ ಥರ.

ಸಮರ್ಥ ಅವ್ವ: ನಮ್ಮಾಂವ ಎಡಗೈಲೇ ಬರಿತಾನ್ರೀ. ಬಲಗೈ ರೂಢಿ ಮಾಡಸ್ಬೇಕೇನ್ರೀ?

ಆದ್ಯಾ ಅಮ್ಮ: ಮೇಡಂ, ಮಗಳಿಗೆ 7 ವರ್ಷ. ಕ್ಲಾಸಲ್ಲಿ ಕನಸು ಕಾಣ್ತಾಳೆ ಅಂತ ಕಂಪ್ಲೇಂಟು. ಮನೇಲೂ ಊಟದ ಮಧ್ಯೆ ತುತ್ತು ಕೈಯಲ್ಲಿ ಹಿಡಿದು ಸುಮ್ನೆ ಆಗ್ಬಿಡ್ತಾಳೆ, ರೆಪ್ಪೆ ಪಟಪಟ ಅನ್ನುತ್ತೆ. ಹತ್ತು ಸೆಕೆಂಡ್, ಆಮೇಲೆ ಏನೂ ಆಗದ ಹಾಗೆ ತಿಂತಾಳೆ. ದಿನಕ್ಕೆ ಎಷ್ಟೋ ಸಲ.

ಡಾಕ್ಟರ್: ಆದ್ಯಾ ಅಮ್ಮ, ಮಿಕ್ಕವರು ಒಂದು ನಿಮಿಷ ಇರಿ. ಇದು ಕನಸು ಕಾಣೋದು ಇರಲಾರದು. ಯೋಚನೆಯಲ್ಲಿ ಮುಳುಗಿದ ಮಗು ಭುಜ ಮುಟ್ಟಿದ್ರೆ ತಿರುಗುತ್ತೆ. ನೀವು ಹೇಳೋ ಥರದ್ದು ಮಾತಿನ ಮಧ್ಯೆ, ತುತ್ತಿನ ಮಧ್ಯೆ ಬಂದು ತಾನಾಗೇ ನಿಲ್ಲುತ್ತೆ. ಆಬ್ಸೆನ್ಸ್ ಅನ್ನೋ ಒಂದು ಬಗೆ ಫಿಟ್ಸ್ ಇದೆ. ಬೀಳಲ್ಲ, ನೊರೆ ಬರಲ್ಲ, ಅದಕ್ಕೇ ಯಾರಿಗೂ ಹೊಳೆಯಲ್ಲ. ನಮ್ಮ ಕ್ಲಿನಿಕ್ಕಲ್ಲಿ ಕಾಗದದ ಗಿರಗಿಟ್ಲೆ ಕೊಟ್ಟು ಮೂರು ನಿಮಿಷ ಜೋರಾಗಿ ಊದಿಸ್ತೀವಿ, ಎಷ್ಟೋ ಮಕ್ಕಳಿಗೆ ಕಣ್ಣೆದುರೇ ಬಂದುಬಿಡುತ್ತೆ. ಮನೇಲಿ ಮಾಡ್ಬೇಡಿ. ಈಈಜಿಯಲ್ಲಿ ಸೆಕೆಂಡಿಗೆ ಮೂರರ ಹಾಗೆ ಚೂಪು ಅಲೆ ಕಂಡ್ರೆ ಗ್ಯಾರಂಟಿ. ಇದಕ್ಕೂ ದಡ್ಡತನಕ್ಕೂ ಸಂಬಂಧ ಇಲ್ಲ, ಆದ್ರೆ ದಿನಕ್ಕೆ ಹತ್ತಾರು ಸಲ ಪಾಠ ತುಂಡಾದ್ರೆ ಯಾವ ಮಗು ತಾನೇ ಕಲಿಯುತ್ತೆ? ಔಷಧಿ ಇದೆ, ಬಹಳ ಮಕ್ಕಳಿಗೆ ದೊಡ್ಡವರಾಗ್ತಾ ಹೋಗುತ್ತೆ. ಅಲ್ಲೀವರೆಗೆ ಈಜು, ರಸ್ತೇಲಿ ಸೈಕಲ್ಲು ಬೇಡ. ಬಂದಾಗ ವಿಡಿಯೋ ಮಾಡಿ ನನಗೆ ಕಳ್ಸಿ, ಗುಂಪಿಗೆ ಬೇಡ.

ಆದ್ಯಾ ಅಮ್ಮ: ನಮ್ಮ ಮಾವನವರ ಫಿಟ್ಸ್ ಮಾತ್ರೆ ಮನೇಲಿದೆ. ಅರ್ಧ ಕೊಡ್ಲಾ?

ಡಾಕ್ಟರ್: ಕೊಡಲೇಬೇಡಿ!! ಕಾರ್ಬಮಜಪೀನ್ ಥರದ ಮಾತ್ರೆ ಇದನ್ನ ಜಾಸ್ತಿ ಮಾಡುತ್ತೆ.

ನಿಹಾರ್ ತಾತ: *ಫಾರ್ವರ್ಡ್* ಬಜೆ ಬೇರು ತೇಯ್ದು ಜೇನಲ್ಲಿ ನೆಕ್ಕಿಸಿ, 48 ದಿನ. ನೆನಪಿನ ಶಕ್ತಿ ಮೂರು ಪಟ್ಟು!! ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ.

ಡಾಕ್ಟರ್: ಬಜೆ ನೆಕ್ಕಿ ವಾಂತಿ ಮಾಡ್ಕೊಂಡು ಬಂದ ಕೂಸುಗಳನ್ನ ನಾನು ನೋಡಿದೀನಿ. ಬೇಡ. ಬೀಗದ ಕೈ ಬಾಗಿಲಿಗೆ.

ನಿಹಾರ್ ತಾತ: ನಮ್ಮ ಅಜ್ಜಿ ಏಳು ಮಕ್ಕಳಿಗೆ ಹಾಕಿದ್ದಾರಮ್ಮ. ಎಲ್ಲರೂ ಬುದ್ಧಿವಂತರೇ.

ಚಿರಾಗ್ ಅಪ್ಪ: ಆಸ್ತಿ ಕೇಸು ಇಪ್ಪತ್ತು ವರ್ಷದಿಂದ ನಡೀತಿದೆ ಅಂತ ನೀವೇ ಹೇಳಿದ್ರಲ್ಲ ತಾತ, ಅವರೇನಾ?

ನಿಹಾರ್ ತಾತ: ಮನೆ ವಿಷಯ ನಿಮಗ್ಯಾಕೆ?

ಶ್ರೇಯಾ ಅಮ್ಮ: ಒಂದೆಲಗ?

ಡಾಕ್ಟರ್: ತಂಬುಳಿ ರುಚಿ. ಮಾರ್ಕ್ಸ್ ಬರಲ್ಲ.

ಯಶ್ ಅಪ್ಪ: ಮಿಡ್‌ಬ್ರೈನ್ ಆಕ್ಟಿವೇಶನ್ ಕ್ಲಾಸ್ ಹೇಗೆ? ಕಣ್ಣಿಗೆ ಪಟ್ಟಿ ಕಟ್ಕೊಂಡು ಓದ್ತಾರೆ.

ಡಾಕ್ಟರ್: ಮೂಗಿನ ಪಕ್ಕದ ಸಂದಿಯಿಂದ ಓದ್ತಾರೆ.

ಯಶ್ ಅಪ್ಪ: ನಾನೇ ಕಣ್ಣಾರೆ ನೋಡಿದೀನಿ ಮೇಡಂ. ಫೀಸೂ ಕಟ್ಟಿ ಆಯ್ತು.

ಚಿರಾಗ್ ಅಪ್ಪ: ಅದಕ್ಕೇ ನಂಬ್ತಿದೀರಾ!

ಯಶ್ ಅಪ್ಪ: ರೀ, ಮರ್ಯಾದೆ ಕೊಟ್ಟು ಮಾತಾಡಿ.

ಪೂರ್ವಿ ಅಮ್ಮ: ಈಈಜಿಯಲ್ಲಿ ಐಕ್ಯೂ ಗೊತ್ತಾಗುತ್ತಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಸಮರ್ಥ ಅವ್ವ: ನಂದು ಯಾರೂ ನೋಡ್ಲೇ ಇಲ್ರಿ.

ನಿಹಾರ್ ತಾತ: ಇಂಗ್ಲಿಷ್ ಡಾಕ್ಟರುಗಳಿಗೆ ಬೇರಿನ ಗುಣ ಏನು ಗೊತ್ತು.

ಅಡ್ಮಿನ್: ತಾತ, ಇನ್ನೊಂದು ಫಾರ್ವರ್ಡ್ ಬಂದ್ರೆ ಗುಂಪಿಂದ ತೆಗೀತೀನಿ, ಬೇಜಾರ್ ಮಾಡ್ಕೋಬೇಡಿ.

ಆದ್ಯಾ ಅಮ್ಮ: ಮೇಡಂ, ಈಗ ಅವಳ ಕಾಪಿ ಪುಸ್ತಕ ತೆಗೆದು ನೋಡ್ದೆ. ‘ಕಮಲ’ ಅಂತ ಬರೀತಾ ‘ಮ’ದಿಂದ ಗೆರೆ ಕೆಳಗಡೆಗೆ ಜಾರಿ ಹೋಗಿದೆ. ಮತ್ತೆ ‘ಲ’ ಸರಿಯಾಗೇ ಇದೆ. ಮೂರು ಪುಟದಲ್ಲಿ ಹೀಗೇ. ಪಕ್ಕದಲ್ಲಿ ಕೆಂಪು ಇಂಕಲ್ಲಿ ‘ಗಮನವಿಲ್ಲ’ ಅಂತ ಬರೆದಿದ್ದಾರೆ.

ಡಾಕ್ಟರ್: ನಾಳೆ ಬೆಳಿಗ್ಗೆನೇ ಕರ್ಕೊಂಡು ಬನ್ನಿ. ಪುಸ್ತಕನೂ ತನ್ನಿ.