ಕಲ್ಲನ್ನು ಕೆತ್ತು, ನೀರು ತಾನೇ ಬರುತ್ತೆ

ಹರಟೆಗೆ ಕೂತವರು ಮೂವರು. ಬೆಟ್ಟ ಕಂಡರೆ ಕಾಲು ನಿಲ್ಲದವನಿಗೆ ಬಳಗದಲ್ಲಿ ‘ಬೂಟು’ ಅಂತ ಹೆಸರು. ಉಗುರಿನ ಸಂದಿಯಲ್ಲಿ ಸದಾ ಮಣ್ಣು ಇಟ್ಟುಕೊಂಡವಳು ‘ಜೇಡಿ’. ಮೂರನೆಯವನು ‘ಅನುಮಾನ’, ಹೆಸರೇ ಎಲ್ಲ ಹೇಳುತ್ತೆ. ವಿಷಯ: ಬೆಟ್ಟದ ಜಲಪಾತ ನೋಡಿ ಬಂದು, ಅದನ್ನು ಗೋಡೆಗೆ ನೇತುಹಾಕುವ ಸೆರಾಮಿಕ್ ಫಲಕ ಮಾಡೋದು.

ಅನುಮಾನ: ಫೋನು ತೆಗೆದರೆ ಸಾವಿರ ಜಲಪಾತ ಸಿಗುತ್ತೆ. ಮಂಡಿ ಸವೆಸಿಕೊಂಡು ಬೆಟ್ಟ ಹತ್ತೋದು ಯಾಕೆ?

ಜೇಡಿ: ಫೋಟೋ ನೋಡಿ ಮಾಡಿದ ಜಲಪಾತ ಎಲ್ಲ ಒಗೆದು ಹರವಿದ ಬಿಳಿ ಪಂಚೆ ಥರಾನೇ ಇರುತ್ತೆ ಕಣೋ. ಶಟರ್ ಅರ್ಧ ಸೆಕೆಂಡು ತೆರೆದಿಟ್ಟರೆ ನೀರು ರೇಷ್ಮೆ ಆಗುತ್ತೆ. ಕಣ್ಣಿಗೆ ಅದು ಹಾಗೆ ಕಾಣೋದೇ ಇಲ್ಲ. ಅಂಚಿನಲ್ಲಿ ಒಂದೇ ಒಂದು ಮುದ್ದೆ ನೀರನ್ನು ಗುರಿಯಿಟ್ಟು, ಅದರ ಜೊತೆಗೇ ಕಣ್ಣು ಇಳಿಸಿ ನೋಡು. ಅಂಚಿನಲ್ಲಿ ಗಾಜು. ಸ್ವಲ್ಪ ಇಳಿಯೋದರೊಳಗೆ ಚಿಂದಿ. ಆಮೇಲೆ ತಲೆ ಕೆಳಗೆ, ಬಾಲ ಮೇಲೆ, ಪುಟ್ಟ ಧೂಮಕೇತು. ಒಳಗೆ ಗಾಳಿ ಸೇರಿ, ಹನಿಯೂ ಗುಳ್ಳೆಯೂ ಬೆಳಕನ್ನೆಲ್ಲ ಚದುರಿಸೋದರಿಂದ ಬಿಳಿ. ನೀರಿಗೆ ಬಿಳಿ ಬಣ್ಣ ಇರಲ್ಲ, ಅವಸ್ಥೆ ಇರುತ್ತೆ.

ಬೂಟು: ಅಷ್ಟು ಹೊತ್ತು ದಿಟ್ಟಿಸಿದರೆ ಇನ್ನೊಂದು ತಮಾಷೆ. ಒಂದು ನಿಮಿಷ ಬೀಳೋ ನೀರನ್ನೇ ನೋಡಿ, ತಟ್ಟಂತ ಪಕ್ಕದ ಬಂಡೆ ಕಡೆ ತಿರುಗು. ಬಂಡೆ ಮೇಲಕ್ಕೆ ಹತ್ತೋಕೆ ಶುರು ಮಾಡುತ್ತೆ. 1834ರಲ್ಲಿ ರಾಬರ್ಟ್ ಆಡಮ್ಸ್ ಅನ್ನೋರು ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ಇದನ್ನು ಕಂಡು ಬರೆದಿಟ್ಟರು.

ಅನುಮಾನ: ಬಂಡೆಯೇ ಹತ್ತುತ್ತಂತೆ. ಮತ್ತೆ ನಾವ್ಯಾಕೆ ಹತ್ತಬೇಕು?

ಬೂಟು: ಹತ್ತೋ ಲೆಕ್ಕ ಕೇಳು ಮೊದಲು. 1892ರಲ್ಲಿ ನೇಸ್ಮಿತ್ ಅನ್ನೋ ಪರ್ವತಾರೋಹಿ ಕೊಟ್ಟ ಸೂತ್ರ: 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 6 ಕಿಲೋಮೀಟರ್ ದಾರಿ, 600 ಮೀಟರ್ ಏರು ಅಂದರೆ 2 ಗಂಟೆ 12 ನಿಮಿಷ.

ಅನುಮಾನ: ಆ ಪುಣ್ಯಾತ್ಮ ಸೆಲ್ಫಿ ತೆಗೀತಿರಲಿಲ್ಲ.

ಬೂಟು: ಅದಕ್ಕೇ ಒಂದೂವರೆ ಪಟ್ಟು ಹಿಡಿ. ಎಷ್ಟು ಹೊತ್ತಿಗೆ ಹೊರಟರೂ ತಲೆಗೆ ಕಟ್ಟೋ ಟಾರ್ಚ್ ಚೀಲದಲ್ಲಿರಲಿ. ಬೂಟಿನ ತಳ ಹೊಸದೋ ಹಳೇದೋ ಅನ್ನೋದಕ್ಕಿಂತ ರಬ್ಬರ್ ಮೆತ್ತಗಿದೆಯಾ ಅನ್ನೋದು ಮುಖ್ಯ. ಗಟ್ಟಿ ಪ್ಲಾಸ್ಟಿಕ್ ಥರದ ತಳ ಒದ್ದೆ ಬಂಡೆ ಮೇಲೆ ನೇರ ಐಸು. ಬಂಡೆ ಕಪ್ಪಗೆ ಮಿರಮಿರ ಮಿಂಚುತ್ತಿದ್ದರೆ ಅದು ಪಾಚಿಯ ತೆಳು ಪೊರೆ, ಅಲ್ಲಿ ಕಾಲಿಡಬೇಡ. ಹಳ್ಳ ದಾಟುವಾಗ ಚೀಲದ ಸೊಂಟದ ಬೆಲ್ಟ್ ಬಿಚ್ಚು. ಬಿದ್ದರೆ ಚೀಲ ಕಳಚಿಕೊಳ್ಳಬೇಕು, ನಿನ್ನನ್ನು ಎಳೆದುಕೊಂಡು ಹೋಗಬಾರದು. ಮುಖ ನೀರು ಬರೋ ಕಡೆಗೆ, ಕೋಲು ಮುಂದೆ, ಅಡ್ಡಡ್ಡ ಪುಟ್ಟ ಹೆಜ್ಜೆ. ರಭಸದ ನೀರು ಮಂಡಿ ಮುಟ್ಟಿದರೆ ವಾಪಸ್.

ಅನುಮಾನ: ಮೇಲೆ ಆಕಾಶ ನೀಲಿ ಇದ್ದರೆ?

ಬೂಟು: ನಿನ್ನ ತಲೆ ಮೇಲಿನ ಆಕಾಶ ನೀಲಿ ಇರಬಹುದು, ಹೊಳೆಯ ತಲೆ ಮೇಲಿನದಲ್ಲ. ತಿಳಿ ನೀರು ಇದ್ದಕ್ಕಿದ್ದ ಹಾಗೆ ಕೆಂಪಗಾಯ್ತು, ಎಲೆ ಕಡ್ಡಿ ತೇಲಿ ಬಂತು, ಸದ್ದು ದಪ್ಪ ಆಯ್ತು ಅಂದರೆ ಚೀಲ, ಚಪ್ಪಲಿ ಹುಡುಕಬೇಡ. ದಡದ ಎತ್ತರಕ್ಕೆ ಓಡು. ಇನ್ನು ನೀರು ಬೀಳೋ ಮಡುವಿಗೆ ಇಳಿಯೋದು ಬೇಡವೇ ಬೇಡ. ಗುಳ್ಳೆ ತುಂಬಿದ ನೀರು ಹಗುರ, ಈಜು ಬಂದವನನ್ನೂ ತೇಲಿಸಲ್ಲ. ಮೇಲಿಂದ ಕಲ್ಲೂ ಬೀಳುತ್ತೆ.

ಜೇಡಿ: ನಿನ್ನ ಉಪದೇಶ ಮುಗೀತಾ? ನನ್ನ ಕೆಲಸ ಶುರುವಾಗೋದೇ ಅಲ್ಲಿ. ಅರ್ಧ ಕಿಲೋ ಜೇಡಿಮಣ್ಣು ಡಬ್ಬಿಯಲ್ಲಿ ಒಯ್ಯಬೇಕು, ಪೆನ್ಸಿಲ್ ಬೇಕು. ಇಂಕ್ ಪೆನ್ನು ಬೇಡ, ತುಂತುರಿಗೆ ಇಡೀ ಜಲಪಾತ ಹಾಳೆಯಿಂದ ಹರಿದು ಹೋಗುತ್ತೆ. ಒಣಗಿದ, ಪಾಚಿ ಇಲ್ಲದ ಬಂಡೆಗೆ ಟಾಲ್ಕಂ ಪೌಡರ್ ಸವರಿ, ಮಣ್ಣಿನ ಉಂಡೆ ಒತ್ತಿ, ಒಂದು ಅಂಚಿನಿಂದ ಸುರುಳಿ ಸುತ್ತಿದ ಹಾಗೆ ಎಬ್ಬಿಸು. ಬಂಡೆಯ ಬಿರುಕು ಅಲ್ಲಿ ದಿಣ್ಣೆಯಾಗಿ ಬರುತ್ತೆ. ಬಂಡೆ ಒರೆಸಿ, ಅಚ್ಚು ತಂದು ಒಣಗಿಸಿ 1000 ಡಿಗ್ರಿಯಲ್ಲಿ ಸುಟ್ಟರೆ ಖಾಯಂ ಮುದ್ರೆ. ಅದನ್ನು ಹಸಿ ಫಲಕಕ್ಕೆ ಒತ್ತಿದರೆ ದಿಣ್ಣೆ ಮತ್ತೆ ಬಿರುಕು.

ಅನುಮಾನ: ಬಂಡೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಬರೋದು ಅನ್ನು.

ಜೇಡಿ: ಹೂಂ, ಆದರೆ ಕುಗ್ಗಿದ ಹೆಬ್ಬೆಟ್ಟು. ಮಣ್ಣು ಎರಡು ಸಲ ಕುಗ್ಗುತ್ತಲ್ಲ, ಅಚ್ಚಾಗುವಾಗ ಶೇಕಡಾ 6ರಷ್ಟು, ಫಲಕವಾಗಿ ಪೂರ್ತಿ ಬೇಯುವಾಗ 12. ಬೆಟ್ಟದ 10 ಸೆಂಟಿಮೀಟರ್ ಬಿರುಕು ಗೋಡೆ ಮೇಲೆ ಎಂಟೂಕಾಲು. ಇಲ್ಲೇ ಬಹಳ ಜನ ಎಡವೋದು. ಸುಟ್ಟ ಮೇಲೆ 60 ಸೆಂಟಿಮೀಟರ್ ಅಗಲ ಬೇಕು ಅಂದರೆ ಎಷ್ಟು ಮಾಡಬೇಕು ಹೇಳು?

ಅನುಮಾನ: 60ಕ್ಕೆ ಶೇಕಡಾ 12 ಸೇರಿಸು. 67.2.

ಜೇಡಿ: ಬಿದ್ದೆ! ಅದು ಸುಟ್ಟ ಮೇಲೆ 59.1. ಚೌಕಟ್ಟಿನ ಸುತ್ತ ಸಂದು. ಶೇಕಡಾ 12 ಕಳೆಯೋದು ಹಸಿ ಅಳತೆಯಿಂದ. 60ನ್ನು 0.88ರಿಂದ ಭಾಗಿಸು, 68.2. ಅದೂ ಪೊಟ್ಟಣದ ಮೇಲಿನ ಅಂಕಿ ನಂಬಿಕೊಂಡಲ್ಲ. ಅದೇ ಮಣ್ಣಿನ ಪಟ್ಟಿ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು, ಸುಟ್ಟು ಅಳೆದು ನೋಡಿ.

ಬೂಟು: ಮಣ್ಣು ಯಾವುದು?

ಜೇಡಿ: ಸ್ಟೋನ್‌ವೇರ್, ಹೆಚ್ಚು ಬಿಸಿಗೆ ಕಲ್ಲಿನ ಹಾಗೆ ಗಟ್ಟಿಯಾಗೋ ಮಣ್ಣು. ಅದರಲ್ಲಿ ಶೇಕಡಾ 20–25 ಗ್ರಾಗ್. ಸುಟ್ಟ ಮಣ್ಣಿನ ತರಿ ಅದು. ಒಳಗಿನ ತೇವ ಹೊರಬರೋಕೆ ದಾರಿ ಬಿಡುತ್ತೆ, ಸೊಟ್ಟಗಾಗೋದು ಕಡಿಮೆ. 12 ಮಿಲಿಮೀಟರ್ ದಪ್ಪದ ಹಲಗೆ. ಒಂದೇ ದಿಕ್ಕಿಗೆ ಲಟ್ಟಿಸಬೇಡ, ಮಗುಚಿ ಅಡ್ಡಕ್ಕೂ ಲಟ್ಟಿಸು. ಮಣ್ಣಿಗೆ ನೆನಪಿನ ಶಕ್ತಿ ಜಾಸ್ತಿ, ಸೊಟ್ಟ ಎತ್ತಿದ್ದನ್ನು ನೆಟ್ಟಗೆ ಮಾಡಿದರೂ ಆವಿಗೆಯಲ್ಲಿ ಸೇಡು ತೀರಿಸಿಕೊಳ್ಳುತ್ತೆ. ಬಂಡೆ ದಪ್ಪ ಕಾಣಬೇಕು ಅಂದರೆ ಮುಂದೆ ಉಬ್ಬಿಸಿ ಹಿಂದೆ ಕೊರೆದುಬಿಡು. ಎಲ್ಲೆಡೆ ಗೋಡೆ ಒಂದೇ ದಪ್ಪ ಇರಬೇಕು. ಮತ್ತೆ ದೊಡ್ಡ ಫಲಕವನ್ನು ಚೌಕ ಚೌಕ ಕತ್ತರಿಸಬೇಡ, ಬಂಡೆಯ ಬಿರುಕಿನ ಗುಂಟವೇ ಕತ್ತರಿಸು. ಜೋಡಿಸಿದಾಗ ಸಂದು ಯಾವುದು, ಬಿರುಕು ಯಾವುದು ಗೊತ್ತಾಗಲ್ಲ. ಪ್ಲಾಸ್ಟಿಕ್ ಮುಚ್ಚಿ ಎರಡು ಮೂರು ವಾರ ಒಣಗಿಸು.

ಅನುಮಾನ: ಮೂರು ವಾರ! ಬಿಸಿಲಲ್ಲಿ ಇಟ್ಟರೆ?

ಜೇಡಿ: ಮೂರು ತುಂಡು. ಅಂಚು ಮೊದಲು ಒಣಗಿ ಕುಗ್ಗುತ್ತೆ, ನಡು ಇನ್ನೂ ಹಸಿ. ಇಬ್ಬರ ಜಗಳದಲ್ಲಿ ಹಲಗೆ ಸೀಳು. ಒಣಗಿದೆ ಅನ್ನಿಸಿದ ಮೇಲೂ ಆವಿಗೆಯಲ್ಲಿ 80–90 ಡಿಗ್ರಿಯಲ್ಲಿ ಕೆಲವು ಗಂಟೆ ನಿಲ್ಲಿಸು. ನೀರು ಆವಿಯಾದರೆ ಸುಮಾರು 1700 ಪಟ್ಟು ಹಿಗ್ಗುತ್ತೆ. 100 ದಾಟೋ ಹೊತ್ತಿಗೆ ಒಳಗೆ ತೇವ ಉಳಿದಿದ್ದರೆ ಢಂ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆವಿಗೆ ದೊಣ್ಣೇನೂ ಕೇಳಲ್ಲ. ಆಮೇಲೆ 573 ಡಿಗ್ರಿ. ಅಲ್ಲಿ ಮಣ್ಣಿನೊಳಗಿನ ಸ್ಫಟಿಕದ ಹರಳು ರಚನೆ ಬದಲಿಸಿ ತಟ್ಟಂತ ಹಿಗ್ಗುತ್ತೆ, ಇಳಿಯುವಾಗ ಅಲ್ಲೇ ಕುಗ್ಗುತ್ತೆ. ಹತ್ತುವಾಗಲೂ ಇಳಿಯುವಾಗಲೂ ಅಲ್ಲಿ ನಿಧಾನ.

ಬೂಟು: ಬೆಟ್ಟದಲ್ಲೂ ಇಳಿಯುವಾಗಲೇ ಮಂಡಿ ಹೋಗೋದು.

ಅನುಮಾನ: ಸರಿ, ನೀರಿಗೆ ಬಾ. ನೀಲಿ ಬಳಿಯೋದು ತಾನೆ?

ಜೇಡಿ: ಬಂತು ನೋಡು ಮಹಾಪಾಪ. ನೀರನ್ನು ಗೆರೆ ಗೆರೆ ಕೆತ್ತಿ ಅದಕ್ಕೆ ನೀಲಿ ಬಳಿದರೆ ಅದು ಬಾಚಣಿಗೆ. ಕಲ್ಲನ್ನಷ್ಟೇ ಕೆತ್ತು. ಮಣ್ಣಿನ ಮೇಲೆ ಬಳಿಯೋ ಗ್ಲೇಜ್ ಕರಗಿದರೆ ಗಾಜೇ ಅಲ್ವಾ, ಅದು ಉಬ್ಬಿನ ಮೇಲೆ ತೆಳುವಾಗಿ ಜಾರುತ್ತೆ, ತಗ್ಗಿನಲ್ಲಿ ನಿಲ್ಲುತ್ತೆ, ಬಂಡೆ ತುದಿಯಲ್ಲಿ ಕವಲೊಡೆಯುತ್ತೆ. ಜಲಪಾತ ಮಾಡೋದೂ ಅಷ್ಟೇ. ಕಪ್ಪು ಬಂಡೆಗೆ ಕೆಂಪು ಐರನ್ ಆಕ್ಸೈಡ್ ನೀರಲ್ಲಿ ಕಲಸಿ ಬಳಿದು, ಸ್ಪಂಜಿನಲ್ಲಿ ಒರೆಸು. ಬಿರುಕಲ್ಲಿ ಮಾತ್ರ ಉಳಿಯುತ್ತೆ. ನೀರಿನ ದಾರಿಗೆ, ಸಲೀಸಾಗಿ ಕರಗಿ ಹರಿಯೋ ಹಾಗೆ ಬೋರಾನ್ ಹೆಚ್ಚಿರೋ, ಶೇಕಡಾ 4–6 ರೂಟೈಲ್ ಅನ್ನೋ ಟೈಟಾನಿಯಂ ಖನಿಜ ಸೇರಿಸಿದ ಗ್ಲೇಜ್. ರೂಟೈಲ್ ಹರಿಯುವಾಗ ಹಾಲಿನ ಎಳೆ ಎಳೆ ಬಿಡುತ್ತೆ. ಮೇಲಿನ ಮೂರನೇ ಒಂದು ಭಾಗಕ್ಕೆ ಎರಡು ಕೋಟ್, ಕೆಳಗೆ ಒಂದೇ. ಕೆಳಗಿನ ನೊರೆಗೆ ಬೇರೆ ಗ್ಲೇಜ್, ಶೇಕಡಾ 10–12 ಜಿರ್ಕೋನಿಯಂ ಸಿಲಿಕೇಟ್ ಹಾಕಿದ್ದು. ಬಿಳಿಯೂ ಬರುತ್ತೆ, ಗ್ಲೇಜೂ ಹರಿಯದೆ ಹಾಕಿದ ಕಡೆಯೇ ಗಟ್ಟಿಯಾಗಿ ಕೂರುತ್ತೆ. ಬೀಳೋದು ಬೀಳಬೇಕು, ನೊರೆ ನಿಲ್ಲಬೇಕು.

ಬೂಟು: ಹೀಗೆಲ್ಲ ಮಾಡಿಯೂ ಗ್ಲೇಜ್ ಹರಿಯದೆ ಇದ್ದವರನ್ನು ನೋಡಿದೀನಿ.

ಜೇಡಿ: ಫಲಕ ಮಲಗಿಸಿ ಸುಟ್ಟಿರ್ತಾರೆ. ಮಲಗಿದ ಜಲಪಾತಕ್ಕೆ ಕೆರೆ ಅಂತಾರೆ. ಅದೇ ಮಣ್ಣಿನ ಆಸರೆ ಕಟ್ಟಿ, ಓರೆಯಾಗಿ ಒರಗಿಸಿ ಸುಡಬೇಕು. ಪೂರ್ತಿ ನಿಲ್ಲಿಸಿದರೆ 1220 ಡಿಗ್ರಿ ಹತ್ತಿರ ಮಣ್ಣೇ ಬಾಗುತ್ತೆ. ಕೆಳಗಿನ ಅಂಚಲ್ಲಿ 8 ಮಿಲಿಮೀಟರ್ ಗ್ಲೇಜ್ ಇಲ್ಲದೆ ಬಿಡು. ಅಡಿಗೆ ಒಂದು ಬಲಿಪಶು ತಟ್ಟೆ, ಅದಕ್ಕೆ ಅಲ್ಯೂಮಿನಾ ಹೈಡ್ರೇಟ್ ಮತ್ತು ಕೇಯೋಲಿನ್ ಅನ್ನೋ ಬಿಳಿ ಜೇಡಿಮಣ್ಣು ಸಮಸಮ ಕಲಸಿದ ಲೇಪ. ಹರಿದದ್ದು ತಟ್ಟೆಗೆ ಅಂಟಲಿ, ಆವಿಗೆಯ ಹಲಗೆಗೆ ಬೇಡ. ಮೊದಲು ಅದೇ ಓರೆಯಲ್ಲಿ ಅಂಗೈ ಅಗಲದ ತುಂಡು ಸುಟ್ಟು ಎಷ್ಟು ಹರಿಯುತ್ತೆ ನೋಡು.

ಅನುಮಾನ: ಸುತ್ತ ಕಾಡು ಬೇಡವಾ? ಹಸಿರಿಗೆ ಕ್ರೋಮ್ ಆಕ್ಸೈಡ್ ಅಂತ ಕೇಳಿದೀನಿ.

ಜೇಡಿ: ಹಾಕು. ಪಕ್ಕದ ನೀರಿಗೆ ತವರದ ಆಕ್ಸೈಡಿನ ಬಿಳಿ ಗ್ಲೇಜ್ ಇದ್ದರೆ ಆವಿಗೆ ತೆಗೆದಾಗ ಗುಲಾಬಿ ಜಲಪಾತ.

ಅನುಮಾನ: ಏನು?

ಜೇಡಿ: ನಿಜ ಕಣೋ. ಬಿಸಿಗೆ ಕ್ರೋಮಿಯಂ ಆವಿಯಾಗಿ ಹಾರಿ ತವರದ ಬಿಳಿಗೆ ಕೂರುತ್ತೆ, ಎರಡೂ ಸೇರಿದರೆ ಗುಲಾಬಿ. ತಾಗಿಸಬೇಕಾಗೂ ಇಲ್ಲ, ಅದೇ ಆವಿಗೆಯ ಇನ್ನೊಬ್ಬರ ಬಿಳಿ ಬಟ್ಟಲಿಗೂ ಕೆನ್ನೆ ಕೆಂಪಾಗುತ್ತೆ. ಕಾಡಿಗೆ ಶೇಕಡಾ 2–3 ಕಾಪರ್ ಕಾರ್ಬೊನೇಟ್ ಸಾಕು. ಮಡುವಿನ ಹಸಿರಿಗೂ ಅದೇ. ಪುಡಿ ಕಲಸುವಾಗ ಮಾಸ್ಕ್ ಇರಲಿ, ಬಟ್ಟೆ ಕಟ್ಟಿಕೊಂಡರೆ ಸಿಲಿಕಾ ದೂಳು ನಗುತ್ತೆ. ಮೇಜು ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು.

ಬೂಟು: ಮಡುವಿಗೆ ಗಾಜಿನ ಚೂರು ಹಾಕಿ ಕರಗಿಸ್ತಾರಲ್ಲ?

ಜೇಡಿ: ಹಾಕಬಹುದು, ಚಪ್ಪಟೆ ತಗ್ಗಿದ್ದರೆ ಮಾತ್ರ. ಓರೆಯಲ್ಲಿ ಜಾರಿ ತಟ್ಟೆ ಸೇರುತ್ತೆ. ತಣ್ಣಗಾಗುವಾಗ ಗಾಜು ಮಣ್ಣಿಗಿಂತ ಜಾಸ್ತಿ ಕುಗ್ಗೋದರಿಂದ ಜೇಡರ ಬಲೆ ಥರ ಬಿರುಕು ಬಂದೇ ಬರುತ್ತೆ. ಗೋಡೆ ಫಲಕಕ್ಕೆ ಅದೇ ಚಂದ. ಮಡುವಿನೊಳಗೆ ಬೆಳಕು ಒಡೆದ ಹಾಗೆ.

ಅನುಮಾನ: ಎಲ್ಲ ಆಯ್ತು. ಮೊಳೆ ಹೊಡೆದು ನೇತುಹಾಕೋದು.

ಜೇಡಿ: 60 ಇಂಟು 90 ಸೆಂಟಿಮೀಟರ್ ಫಲಕ, 12 ಮಿಲಿಮೀಟರ್ ದಪ್ಪ ಅಂದರೆ ಹತ್ತಿರ ಹತ್ತಿರ 14 ಕಿಲೋ. ಒಂದು ಮೊಳೆ ಸಾಲದು. ಮಣ್ಣು ಅರೆ ಒಣಗಿದ್ದಾಗಲೇ, ಅಂಚಿನಿಂದ ಎರಡೂವರೆ ಸೆಂಟಿಮೀಟರ್ ಒಳಗೆ ತೂತು ಮಾಡಿಟ್ಟಿರಬೇಕು. ಸುಟ್ಟ ಮೇಲೆ ಡ್ರಿಲ್ ಹಿಡಿದು ಬಂದರೆ ಜಲಪಾತ ಎರಡು ಕವಲಾಗುತ್ತೆ.

ಅನುಮಾನ: ಹಾಗಾದರೆ ಆವಿಗೆ ಆರಿತಾ? 200 ಡಿಗ್ರಿಗೆ ಇಳಿದಿದೆ, ಸ್ವಲ್ಪವೇ ಸ್ವಲ್ಪ ತೆರೆದು ಇಣುಕಿದರೆ...

ಜೇಡಿ: ಕೈ ತೆಗಿ! 100ಕ್ಕಿಂತ ಕೆಳಗೆ ಬರಲಿ.

ಬೂಟು: ಟಿಣ್ ಅಂತ ಸದ್ದು ಬಂತಲ್ಲ ಒಳಗಿಂದ?

ಜೇಡಿ: ಮಡುವಿನ ಗಾಜು ಬಿರುಕು ಬಿಡ್ತಿದೆ. ಟಿಣ್ ಅಂದರೆ ಪರವಾಗಿಲ್ಲ, ಟಕ್ ಅಂದರೆ ಹೇಳು.